ಒಂದೇ ಕೈಯಲ್ಲಿ ತೆರೆಯೋ ಮುಚ್ಚಳ

ತಡಿ, ತಡಿ, ಮುಟ್ಬೇಡ! ರಬ್ಬರ್ ಪಟ್ಟಿಯ ಅಂಟು ಇನ್ನೂ ಹಸಿ ಇದೆ. ಆ ಮೆಟ್ಟಿಲ ಮೇಲೇ ಕೂತ್ಕೋ. ಬೂಟು ಬಿಚ್ಚು ಸೆಲ್ವಿನ್, ಬೆಳಿಗ್ಗೆ ತಾನೇ ನೆಲ ಒರೆಸಿದ್ದೀನಿ... ಹಾಂ, ಹಾಗೆ. ಈಗ ನೋಡು. ಕಣ್ಣಲ್ಲಿ ನೋಡು ಮಾರಾಯ, ಕೈಯಲ್ಲಲ್ಲ.

ಹೇಗಿದೆ?

ಏನು, ಬರೀ ತಲೆ ಆಡಿಸಿದ್ರೆ ಆಯ್ತಾ? ಇಪ್ಪತ್ತೆರಡು ವರ್ಷ! ಈ ದೋಣಿ ತಗೊಂಡ ದಿನದಿಂದ, ಈ ಪೆಟ್ಟಿಗೆ ಫ್ರಿಜ್ಜಿನ ಮೇಲಿನ ಮುಚ್ಚಳಕ್ಕೆ ಎರಡು ಕೀಲು ಹಾಕ್ಕೊಡು, ಕೀಲು ಹಾಕ್ಕೊಡು ಅಂತ ನಿನ್ನ ಪ್ರಾಣ ತಿಂದೆ. 'ಈ ಚಳಿಗಾಲ ಖಂಡಿತ ನೋಯ್ಲೀನ್...' ಎಷ್ಟು ಚಳಿಗಾಲ ಹೋಯ್ತು! ಮಕ್ಕಳಿಗೆ ಮದುವೆ ಆಯ್ತು, ಮೊಮ್ಮಕ್ಕಳು ಈಜು ಕಲಿತ್ರು, ಕೀಲು ಮಾತ್ರ ಡಬ್ಬಿ ಬಿಟ್ಟು ಕದಲಲಿಲ್ಲ. ಕೊನೆಗೆ ನಾನೇ ಹಾಕ್ದೆ. ಅರವತ್ತೇಳನೇ ವಯಸ್ಸಲ್ಲಿ ಬಡಗಿ ಆದೆ ನೋಡು, ನಿನ್ನನ್ನ ಕಟ್ಕೊಂಡ ಪುಣ್ಯಕ್ಕೆ.

ಯಾಕೆ ನಗ್ತೀಯ? ಆ ಸ್ಕ್ರೂ ಸೊಟ್ಟಗಿದೆ ಅಂತಾನಾ? ಇರ್ಲಿ ಬಿಡು. ನಿನ್ನ ಮೂಗೂ ಸೊಟ್ಟಗಿದೆ. ನಲವತ್ತೊಂದು ವರ್ಷದಿಂದ ಯಾರ ಹತ್ರಾನೂ ದೂರು ಹೇಳಿಲ್ಲ ನಾನು.

ಸುಲಭ ಅಂದ್ಕೋಬೇಡ ಮತ್ತೆ. ಮಂಗಳವಾರ ನೀನು ಹಾಯಿ ಹೊಲಿಸೋಕೆ ಹೋಗಿದ್ಯಲ್ಲ, ಆಗ ಶುರು ಮಾಡ್ದೆ. ಎರಡು ಹಿತ್ತಾಳೆ ಕೀಲು, ಎಂಟು ಸ್ಕ್ರೂ, ಅರ್ಧ ಗಂಟೆ ಕೆಲಸ ಅಂದ್ಕೊಂಡೆ. ಹಾಕ್ದೆ. ಎತ್ತಿದೆ. ಏಳಲ್ಲ! ಕೀಲಿಲ್ಲದಾಗ ಸರಾಗವಾಗಿ ಎದ್ದು ಬರ್ತಿದ್ದ ಮುಚ್ಚಳ, ಕೀಲು ಹಾಕಿದ ಮೇಲೆ ಹಠ ಹಿಡಿದು ಕೂತಿದೆ. ಪಕ್ಕದ ಹಳದಿ ದೋಣಿಯ ಹುಯಾ ಬಂದು ನೋಡಿ ಬಿದ್ದು ಬಿದ್ದು ನಕ್ಕಳು. 'ನಾಲ್ಕು ಬೆರಳು ದಪ್ಪದ ಮುಚ್ಚಳ ಆಂಟಿ ಇದು, ತಿರುಗೋವಾಗ ಹಿಂದಿನ ಅಂಚು ಚೌಕಟ್ಟಿಗೆ ಒತ್ಕೊಳ್ಳತ್ತೆ. ಅಂಚನ್ನ ಓರೆಯಾಗಿ ಹೆರೀಬೇಕು' ಅಂದ್ಳು. ಮೊದಲೇ ಹೇಳೋದಲ್ವಾ! ಮತ್ತೆ ಎಲ್ಲಾ ಬಿಚ್ಚಿ, ಉಜ್ಜುಗೊರಡು ಹಿಡ್ಕೊಂಡು ಹೆರೆದೆ, ಹೆರೆದೆ... ಒಳಗಿನ ಥರ್ಮೋಕೋಲ್ ಉದುರಿ ಉದುರಿ ಎಲ್ಲಾ ಕಡೆ ಬೆಳ್ಳಗೆ. ನಿನ್ನೆ ಮಧ್ಯಾಹ್ನ ಇಲ್ಲಿ ಮಲಗೆದ್ದು ಬೆನ್ನು ಕೆರ್ಕೊಂಡ್ಯಲ್ಲ, ಅದು ಸೊಳ್ಳೆ ಅಲ್ಲ.

ಬೈಬೇಡ, ಚಹಾ ಕುಡಿ. ಶುಂಠಿ ಬಿಸ್ಕತ್ತು ಅಲ್ಲೇ ಇದೆ. ಆ ಫೀಜೋವಾ ಹಣ್ಣೂ ತಿನ್ನು. ಹುಯಾ ಒಂದು ಚೀಲ ತುಂಬ ತಂದಿಟ್ಟಿದ್ದಾಳೆ. ಶನಿವಾರ ದೋಣಿ ಹೊರಡೋದ್ರೊಳಗೆ ಮುಗೀಬೇಕು, ಇಲ್ಲಾಂದ್ರೆ ಫಿಜಿಯ ಬಂದರಿನವರು ಹೊರದೇಶದ ಹಣ್ಣು ಅಂತ ಚೀಲದ ಸಮೇತ ಕಿತ್ಕೋತಾರೆ.

ಈಗ ತೋರಿಸ್ತೀನಿ, ನೋಡು. ಈ ಉಂಗುರಕ್ಕೆ ಒಂದು ಬೆರಳು. ಒಂದೇ! ಎತ್ತು... ಹಿಂದಕ್ಕೆ ಒರಗಿಸು... ಈ ಚರ್ಮದ ಪಟ್ಟಿ ಕೊಕ್ಕೆಗೆ ಸಿಕ್ಸು. ಮುಗೀತು! ದೋಣಿ ತಲೆಕೆಳಗಾದ್ರೂ ನಿನ್ನ ಬೋಳು ತಲೆ ಮೇಲೆ ಬೀಳಲ್ಲ. ಮೊದಲು ಹೇಗಿತ್ತು ಹೇಳು? ಮುಚ್ಚಳ ಎತ್ತೋಕೆ ಎರಡು ಕೈ, ಬೆಣ್ಣೆ ತೆಗಿಯೋಕೆ ಮೂರನೇ ಕೈ, ಅಲೆ ಬಂದಾಗ ಕಂಬಿ ಹಿಡ್ಕೊಳ್ಳೋಕೆ ನಾಲ್ಕನೇದು. ಅದಕ್ಕೇ ಅಲ್ವಾ ನಾನು ಮುಚ್ಚಳ ಎದೆಗವಚಿಕೊಂಡು ನಿಂತಿರ್ತಿದ್ದಿದ್ದು, ನೀನು ಫ್ರಿಜ್ ಒಳಗೆ ತಲೆ ತೂರಿಸಿ 'ಸಾಸಿವೆ ಬಾಟ್ಲಿ ಎಲ್ಲಿ, ಸಾಸಿವೆ ಬಾಟ್ಲಿ ಎಲ್ಲಿ' ಅಂತ ಹುಡುಕ್ತಿದ್ದಿದ್ದು! ಟೊಂಗಾಗೆ ಮೂರು ಸಲ, ಫಿಜಿಗೆ ಐದು ಸಲ. ಅರ್ಧ ಸಮುದ್ರ ಮುಚ್ಚಳ ಹಿಡ್ಕೊಂಡೇ ದಾಟಿದ್ದೀನಿ. ಹಾಯಿದೋಣಿ ಸಂಘದವರು ನಿನಗೆ ಬೆಳ್ಳಿ ಲೋಟ ಕೊಟ್ರು, ಚಪ್ಪಾಳೆ ಹೊಡೆದ್ರು. ಮುಚ್ಚಳ ಹಿಡಿದವಳಿಗೆ? ಲೋಟ ಉಜ್ಜೋ ಕೆಲಸ!

ಇನ್ನು ಆ ರಗಳೆ ಇಲ್ಲ. ಗಾಳಿ ಎಷ್ಟೇ ಜೋರಾಗ್ಲಿ, ಎಡಗೈಲಿ ಕಂಬಿ, ಬಲಗೈಲಿ ಮುಚ್ಚಳ. ಪಕ್ಕದಲ್ಲಿ ಇನ್ನೊಬ್ಬರೇ ಬೇಡ...

ಏನಿಲ್ಲ. ಬಿಸ್ಕತ್ತು ಚಹಾದಲ್ಲಿ ಮುರಿದು ಬಿತ್ತು ನೋಡು.

ಹೋದ ವರ್ಷ ಇದು ಇದ್ದಿದ್ರೆ ಮೊಟ್ಟೆನಾದ್ರೂ ಉಳೀತಿತ್ತು. ಹೂಂ, ನಗು, ನಗು! ಫಿಜಿಯಿಂದ ಬರ್ತಾ ಇದ್ವಿ, ನೀನು ಮೇಲೆ, ದೋಣಿ ಮುಂದುಗಡೆ ಹಾಯಿ ಬದಲಾಯಿಸ್ತಿದ್ದೆ, ದೋಣಿ ಒಂದೇ ಸಲ ವಾಲ್ತು. ಮುಚ್ಚಳ ಒಂದು ಕಡೆ, ನಾನು ಒಂದು ಕಡೆ, ಮೂವತ್ತು ಮೊಟ್ಟೆ ನನ್ನ ಮೇಲೆ! ನಾನು ಕಿರುಚಿದ್ದನ್ನ ಕೇಳಿ ನೀನೇನಂದೆ? 'ಆಮ್ಲೆಟ್ ಆಯ್ತಾ?' ಸಂಘದಲ್ಲಿ ಇದನ್ನ ಹೇಳಿದಾಗೆಲ್ಲ ಜನ ಮೇಜು ಕುಟ್ಟಿ ಕುಟ್ಟಿ ನಗ್ತಾರೆ. ಪಕ್ಕೆಲುಬು ಎರಡು ಮುರಿದಿದ್ದನ್ನೂ ಎಷ್ಟು ಚೆನ್ನಾಗಿ ಹೇಳ್ತೀನಿ ಅಲ್ವಾ?

ಎಲ್ಲಿಗೆ ಬಂದೆ? ಕೂತ್ಕೋ ಅಂದ್ನಲ್ಲ. ಸರಿ, ತೆರೆದು ನೋಡ್ಲೇಬೇಕಾ? ನೋಡು. ಅಂಟಿಗೆ ಕೈ ತಾಗಿಸ್ಬೇಡ... ನೋಡಿದ್ಯಾ, ಒಂದೇ ಬೆರಳು! ಕೊಕ್ಕೆ ಸಿಕ್ಸು. ಹಾಂ. ಒಳಗೆ ಎಲ್ಲಾ ಜೋಡಿಸಿಟ್ಟಿದ್ದೀನಿ. ಸಾಸಿವೆ ಬಾಟ್ಲಿ ಮೇಲೇ ಇದೆ. ತಳದಲ್ಲಿ ಊಟದ ಪೊಟ್ಟಣ, ಬೇಯಿಸಿ ಮಂಜುಗಟ್ಟಿಸಿ ಇಟ್ಟಿರೋದು, ಒಂದೊಂದರ ಮೇಲೂ ವಾರ ಬರ್ದಿದ್ದೀನಿ. ಶನಿವಾರ ಕುರಿ ಮಾಂಸ, ಭಾನುವಾರ ಮೀನು... ಬಿಸಿ ಮಾಡ್ಕೊಂಡ್ರೆ ಸಾಕು.

ಏನು ಎಣಿಸ್ತಿದ್ದೀಯ?

ಒಂಬತ್ತು. ಹೂಂ, ಒಂಬತ್ತೇ. ಒಂಬತ್ತು ದಿನದ ದಾರಿ ತಾನೇ?

ಪೊಟ್ಟಣ ಚಿಕ್ಕದಾ? ಒಬ್ಬರಿಗಾಗೋಷ್ಟೇ ಇದ್ಯಾ? ಎಲ್ಲಿ ಚಿಕ್ಕದು... ಅಷ್ಟೇನೂ ಚಿಕ್ಕದಲ್ಲ. ನಿನಗೇ ಹೊಟ್ಟೆ ಬಂದಿದೆ, ಸ್ವಲ್ಪ ಕಮ್ಮಿ ತಿಂದ್ರೆ ಒಳ್ಳೇದು ಅಂತ... ಹಾಗೆ ನೋಡ್ಬೇಡ ಸೆಲ್ವಿನ್. ನಗೋದಾದ್ರೂ ನಗು.

ಸರಿ, ಈ ಸಲ ನಾನು ಬರ್ತಿಲ್ಲ. ಮೊಣಕಾಲು ಅಂದ್ಕೋ. ಡಾಕ್ಟರು ಮೆಟ್ಟಿಲು ಹತ್ತಿಳೀಬೇಡ ಅಂದಿದ್ದಾರೆ... ಅವರು ಹಾಗಂದಿಲ್ಲ, ಹೌದು, ನೀನೂ ಜೊತೆಗಿದ್ದೆ. ಸೊಸೆಗೆ ಇದೇ ಜೂನಲ್ಲಿ ದಿನ ತುಂಬತ್ತೆ... ಅವಳ ಅಮ್ಮ ಬರ್ತಿದ್ದಾಳೆ, ಅದೂ ನಿನಗೆ ಗೊತ್ತು. ಥೂ, ನಿನ್ನ ಹತ್ರ ಒಂದು ಸುಳ್ಳು ಹೇಳೋಕೂ ಬಿಡಲ್ಲ. ಬಾಯಿ ಬಿಡದೇನೇ ಸೋಲಿಸ್ತೀಯ!

ಹೆದರಿಕೆ ಕಣೋ.

ನನಗೆ ಹೆದರಿಕೆ ಆಗ್ತಿದೆ. ಸಾಕಾ? ಸಂಘದಲ್ಲಿ ಹೇಳೋ ಕತೆಯಲ್ಲಿ ಒಂದನ್ನ ಬಿಟ್ಟು ಹೇಳ್ತೀನಿ ನಾನು. ನೀನು 'ಆಮ್ಲೆಟ್ ಆಯ್ತಾ' ಅಂದ್ಯಲ್ಲ, ಆಮೇಲೆ ನಿನ್ನ ಸದ್ದೇ ಬರ್ಲಿಲ್ಲ. ನೀನು ಹಾಯಿ ಜೊತೆ ಒದ್ದಾಡ್ತಿದ್ದೆ, ಗಾಳಿ ನಿನ್ನ ಮಾತು ಎತ್ಕೊಂಡು ಹೋಗ್ತಿತ್ತು, ಅದೆಲ್ಲ ಆಮೇಲೆ ಗೊತ್ತಾಯ್ತು. ಆಗ ನನಗೇನು ಗೊತ್ತು? ಮೇಲೆ ಹೆಜ್ಜೆ ಸದ್ದಿಲ್ಲ. ಕೂಗಿದ್ರೆ ಉತ್ತರ ಇಲ್ಲ. ನೀರಿಗೆ ಬಿದ್ದೆ ಅಂದ್ಕೊಂಡೆ. ಇಪ್ಪತ್ತು ನಿಮಿಷ, ಸೆಲ್ವಿನ್! ಉಸಿರೆಳೆದ್ರೆ ಪಕ್ಕೆ ಚುಚ್ಚತ್ತೆ, ಮೈತುಂಬ ಮೊಟ್ಟೆ, ಜಾರ್ತಾ ಬೀಳ್ತಾ ಆ ಮೆಟ್ಟಿಲ ತನಕ ತೆವಳಿದೆ. ಒಂದು ಮೆಟ್ಟಿಲು ಹತ್ತೋಕಾಗ್ಲಿಲ್ಲ. ನೀನು ನಿಜವಾಗ್ಲೂ ಬಿದ್ದಿದ್ರೆ ನಾನು ದೋಣಿ ತಿರುಗಿಸ್ತಿರ್ಲಿಲ್ಲ, ಹಗ್ಗ ಎಸೀತಿರ್ಲಿಲ್ಲ, ಏನೂ ಮಾಡ್ತಿರ್ಲಿಲ್ಲ. ಅಲ್ಲೇ ಕೂತು ಅಳ್ತಿದ್ದೆ. ನೀನು ಕೆಳಗಿಳಿದು ಬಂದಾಗ ಒದ್ದೆ ಟೋಪಿಯಿಂದ ಹೊಡೆದ್ನಲ್ಲ, ಮೊಟ್ಟೆ ಕೋಪ ಅಲ್ಲ ಅದು.

ಗೊತ್ತು, ದಡದಲ್ಲಿದ್ರೂ ಹೆದರಿಕೆ ಇರತ್ತೆ. ಆದ್ರೆ ನೆಲ ಅಲ್ಲಾಡಲ್ಲ. ಮೊದಲೇ ಹೇಳಿದ್ರೆ 'ಹಾಗಾದ್ರೆ ನಾನೂ ಹೋಗಲ್ಲ' ಅಂತಿದ್ದೆ ನೀನು. ಆಮೇಲೆ ಚಳಿಗಾಲ ಪೂರ್ತಿ ಕಿಟಕಿ ಹತ್ರ ಕೂತು, ರೇಡಿಯೋದಲ್ಲಿ ಗಾಳಿ ಸುದ್ದಿ ಕೇಳ್ತಾ ನಿಟ್ಟುಸಿರು ಬಿಡ್ತಿದ್ದೆ. ಅದನ್ನ ಯಾರು ನೋಡ್ತಾರೆ? ನೀನು ಹೋಗ್ಬೇಕು. ಒಬ್ಬನೇ ಹೋಗೋಕೆ ನಿನ್ನ ಕೈಲಾಗತ್ತೆ. ಈ ಮುಚ್ಚಳ ಒಂದೇ ನಿನ್ನ ಕೈಲಾಗ್ತಿರ್ಲಿಲ್ಲ. ಅದಕ್ಕೇ...

ಏನದು, ಜೇಬಿಂದ? ದೇಶ ಬಿಟ್ಟು ಹೊರಡೋ ಅರ್ಜಿನಾ? ಗಡಿ ಕಚೇರಿಗೆ ಇನ್ನೂ ಕೊಟ್ಟಿಲ್ವಾ ನೀನು? ಕನ್ನಡಕ ಕೊಡು ಇಲ್ಲಿ.

ದೋಣಿಯಲ್ಲಿ ಇರುವವರು... ನಿನ್ನ ಹೆಸರು. ಕೆಳಗೆ ನನ್ನದು. ಹೊಡೆದು ಹಾಕಿದ್ದೀಯ. ಮತ್ತೆ ಬರ್ದಿದ್ದೀಯ. ಮತ್ತೆ ಹೊಡೆದಿದ್ದೀಯ... ಮೂರನೇ ಸಲ ಬರ್ದು ಹಾಗೇ ಬಿಟ್ಟಿದ್ದೀಯ.

ಸೋಮವಾರದ ತಾರೀಕಿದೆ ಇದರಲ್ಲಿ!

ನಾನು ಬರಲ್ಲ ಅಂತ ಸೋಮವಾರವೇ ಗೊತ್ತಿತ್ತಾ? ನನ್ನ ಮಳೆಕೋಟು ಒಗೆಯೋಕೆ ಅಂತ ಮನೆಗೆ ಒಯ್ದು ವಾಪಸ್ ತರ್ಲಿಲ್ಲ, ಅದನ್ನ ನೋಡಿದ್ಯಾ? ಅಯ್ಯೋ ಕಳ್ಳ! ನಾನಿಲ್ಲಿ ಬೆನ್ನು ಬಗ್ಗಿಸಿ ಹೆರೀತಿದ್ರೆ, ನೀನು ಇದನ್ನ ಎದೆ ಜೇಬಲ್ಲಿಟ್ಕೊಂಡು ಏನೂ ಅರಿಯದ ಹಾಗೆ ಓಡಾಡ್ತಿದ್ಯಾ! ಒಂದು ಮಾತು ಕೇಳೋಕೆ ಏನಾಗಿತ್ತು ನಿನಗೆ?

ನಾನು ಹೇಳ್ಲಿ ಅಂತಾನಾ?

ಪೆನ್ನು ಕೊಡು. ನನ್ನ ಹೆಸರಿಗೆ ನಾನೇ ಗೆರೆ ಹೊಡೀತೀನಿ. ಕಾಗದ ಸ್ವಲ್ಪ ಒತ್ತಿ ಹಿಡ್ಕೋ... ಆಯ್ತು. ನೋಡು, ಒಂದೇ ಗೆರೆ.

ಕೆಳಗೆ ಇದೇನು ಬಿಟ್ಟಿದ್ದೀಯ? ದಡದಲ್ಲಿ ಯಾರನ್ನು ಸಂಪರ್ಕಿಸಬೇಕು... ಪ್ರತಿ ಸಲ ನಿನ್ನ ತಂಗಿ ಬೆವರ್ಲಿ ಹೆಸರು ಬರೀತಿದ್ಯಲ್ಲ, ಈ ಸಲ ಯಾಕೆ ಖಾಲಿ...

ಓ.

ಸುಮ್ನಿರು, ಅಳ್ತಿಲ್ಲ. ಬರೀತೀನಿ. ನೋಯ್ಲೀನ್... ಪ್ರಾಸರ್. ಸಂಬಂಧ, ಹೆಂಡತಿ. ಫೋನ್ ನಂಬರು... ನನ್ನ ನಂಬರು ಎಷ್ಟೋ? ನಗ್ಬೇಡ! ನನಗೆ ನಾನೇ ಯಾವತ್ತಾದ್ರೂ ಫೋನ್ ಮಾಡ್ಕೊಂಡಿದ್ದೀನಾ? ನಿನಗೆ ಬಾಯಿಪಾಠ ಇದ್ಯಲ್ಲ. ಹೇಳು, ಬರ್ಕೋತೀನಿ.