ಪರೀಕ್ಷೆಯ ಗೋಡೆ

ಹೊಲಿಗೆ ಅಂಗಡಿ ಮುಚ್ಚಿ, ನಲವತ್ತೈದನೇ ವಯಸ್ಸಿನಲ್ಲಿ ಹೆಂಡತಿಯ ತಮ್ಮನ ಕೈಕೆಳಗೆ ಗಾರೆ ಕೆಲಸ ಕಲಿಯುತ್ತಿದ್ದವನು ಬಸ್ಸಿನ ಸಾಲಿನಲ್ಲಿ ನಿಂತಿದ್ದ. ಅವನ ಮುಂದೆಯೇ ಮೇಸ್ತ್ರಿಯಾಗಿದ್ದ ಆ ಭಾವಮೈದುನ. ಇಬ್ಬರ ಮಾತೂ ಹಿಂದೆ ನಿಂತಿದ್ದ ನಮಗೆಲ್ಲ ಕೇಳುತ್ತಿತ್ತು.

“ಭಾವ, ನೀವು ಕಟ್ಟಿದ ಗೋಡೆ ಬೆಳಿಗ್ಗೆನೇ ಒಡೆಸಿಬಿಟ್ಟೆ.”

“ನಾಳೆ ಪರೀಕ್ಷೆಯವರಿಗೆ ಅದನ್ನೇ ತಾನೆ ತೋರಿಸ್ಬೇಕಿತ್ತು! ಸೊಟ್ಟಗಿತ್ತಾ?”

“ತೂಗುಗುಂಡು ಬಿಟ್ಟು ನೋಡ್ದೆ. ಕೂದಲೆಳೆಯಷ್ಟೂ ಓರೆ ಇರ್ಲಿಲ್ಲ.”

“ಮತ್ಯಾಕೋ ಒಡೆಸಿದೆ?”

“ಸರ್ಟಿಫಿಕೇಟ್ ಸಿಕ್ಕಿದ್ರೆ ನೀವೂ ಮೇಸ್ತ್ರಿ ಆಗ್ತೀರ. ಆಮೇಲೆ ನನಗೆ ಸಿಮೆಂಟು ಕಲಸಿ ಕೊಡೋರು ಯಾರು?”

ಅವನು ಅಂಗೈಯ ಬೊಬ್ಬೆಗಳನ್ನೇ ನೋಡಿಕೊಂಡ.

“ನಿಮ್ಮಕ್ಕಂಗೆ ಏನಂತ ಹೇಳ್ಲಿ?”

“ನಾನೇ ಹೇಳಿದೀನಿ, ಭಾವನ ಕೈ ಇನ್ನೂ ಕುದುರಿಲ್ಲ ಅಂತ. ಬಿದ್ದುಬಿದ್ದು ನಕ್ಕಳು.”

ಬಸ್ಸು ಬಂತು. ಮೇಸ್ತ್ರಿಯ ಕರಣೆ ಚೀಲವನ್ನೂ ಎತ್ತಿಕೊಂಡು ಭಾವ ಅವನ ಹಿಂದೆಯೇ ಹತ್ತಿದ.