ತುರ್ಭೆಯಲ್ಲಿ ಹಾಕಿಸಿದ ಫೈಲು

ಇದು ನನ್ನ ಸೋದರಮಾವನ ಮಗಳು ಮಾನಸಿಗೆ ಆದದ್ದು. ನಂಬದವರು ಮುಂಬಯಿ ಪಕ್ಕದ ಠಾಣೆಯ ಕೋಪರಿಗೆ ಹೋಗಿ ಅವಳನ್ನೇ ಕೇಳಿ.

ಒಂದು ರಾತ್ರಿ ಠಾಣೆ ರೈಲ್ವೆ ಸ್ಟೇಷನ್ನಿನಿಂದ ಮನೆಗೆ ನಡೆದು ಬರುತ್ತಿದ್ದಳು. ಹೆಗಲ ಮೇಲೆ ಐದು ತಿಂಗಳ ಮಗು, ಪಕ್ಕದಲ್ಲಿ ಗಂಡ ಲತೀಶ್. ಕಾರನ್ನು ಅದೇ ಸಂಜೆ ತುರ್ಭೆಯ ಒಂದು ಗ್ಯಾರೇಜಿನಲ್ಲಿ ಬಿಟ್ಟಿದ್ದರು. ತಿರುವಿನ ಹಳೇ ಬಾವಿ ದಾಟುವಾಗ...

ಗುಂಯ್ಯ್ಯ್... ಟಪ್. ಟಪ್. ಟಪ್.

ಬಾವಿಯ ಒಳಗಿನಿಂದ. ಬಾಯಿಗೆ ಕಬ್ಬಿಣದ ಜಾಳಿ ಹೊಡೆದ ಬಾವಿ ಅದು.

"ಕೇಳಿತಾ?" ಎಂದಳು ಮಾನಸಿ.

"ರೋಡಿನಲ್ಲಿ ಯಾವುದೋ ಕಾರು."

"ರೋಡಿನಲ್ಲಿ ನಾಯಿಯೂ ಇಲ್ಲ."

"ಮೆಲ್ಲಗೆ... ಮಗು ಏಳ್ತದೆ."

ಲತೀಶನಿಗೆ ಕಾರಿನ ಹುಚ್ಚು. ಎರಡೇ ಬಾಗಿಲಿನ ಹಳೇ ಸ್ಪೋರ್ಟ್ಸ್ ಕಾರು ಕೊಂಡಿದ್ದ. ಅದರ ಇಂಜಿನ್ ಕಂಪ್ಯೂಟರಿಗೆ ಬೇರೆ ಲೆಕ್ಕದ ಫೈಲು ತುಂಬಿಸಿದರೆ ಇನ್ನೂ ಜೋರಾಗಿ ಓಡುತ್ತದಂತೆ. ಐರೋಲಿಯ ಮೆಕ್ಯಾನಿಕ್ ತಾರಾನಾಥಣ್ಣ ಒಳ್ಳೆಯ ಕೆಲಸಗಾರ. "ಮೊದಲು ಇಂಜಿನ್ ಗಟ್ಟಿ ಇದೆಯಾ ನೋಡ್ತೇನೆ. ಹಳೇ ಫೈಲು ತೆಗೆದು ನಿನ್ನ ಕೈಗೆ ಕೊಡ್ತೇನೆ. ಆಮೇಲೆ ಹೊಸದು. ನಾಲ್ಕು ದಿನ ಬೇಕು ಮಾರಾಯ" ಅಂದರು. ಭಾನುವಾರ ಮಗುವಿನ ನಾಮಕರಣ, ಅದೇ ಕಾರಿನಲ್ಲಿ ಹೋಗಬೇಕು. ಇವನಿಗೆ ನಾಲ್ಕು ದಿನ ಕಾಯಲಾಗಲಿಲ್ಲ, ತುರ್ಭೆಗೆ ಹೋದ.

ತುರ್ಭೆಯವನ ಗ್ಯಾರೇಜು! ಥೂ. ಗೋಡೆಯೆಲ್ಲ ಗುಟ್ಕಾದ ಕೆಂಪು. ಲ್ಯಾಪ್‌ಟಾಪಿನ ಮೇಲೆ ಅರ್ಧ ತಿಂದ ವಡಾಪಾವ್, ಅದರ ಮೇಲೆ ನೊಣ. ಅದನ್ನು ತಿಂದ ಕೈಯಲ್ಲೇ ಮಗುವಿನ ಕೆನ್ನೆ ಹಿಂಡಲು ಬಂದ. ಮಾನಸಿ ಹಿಂದೆ ಸರಿದಳು.

"ಟೆನ್ಶನ್ ಮತ್ ಲೋ ಭಾಭೀ, ಚಿಂತೆ ಬೇಡ. ಫೈಲು ರೆಡಿ ಇದೆ. ಇದೇ ಮಾಡೆಲ್ಲಿನ ಕಾರಿನದು. ಏನು ಓಡ್ತಿತ್ತು ಗೊತ್ತಾ!"

"ಓಡ್ತಿತ್ತಾ? ಈಗ ಓಡಲ್ವಾ?" ಮಾನಸಿ ಕೇಳಿದಳು.

ಅವನು ಪಿಚಕ್ಕನೆ ಉಗಿದ. ವೈರು ಹುಡುಕತೊಡಗಿದ.

ಮರುದಿನ ಸಂಜೆ ಕಾರು ಮನೆ ಮುಂದೆ ನಿಂತಿತು. ಗುಂಯ್ಯ್ಯ್... ಟಪ್. ಟಪ್. ಟಪ್. ಮಾನಸಿಯ ಕೈಯ ಹಾಲಿನ ಬಾಟಲಿ ಜಾರಿತು. ಅದೇ ಸದ್ದು. ಲತೀಶ್ ಮಾತ್ರ ಹಲ್ಲು ಕಿರಿಯುತ್ತಿದ್ದ.

"ಒಂದೇ ರೌಂಡ್, ಕಾರು ಹತ್ತು."

ಅವಳು ಮಗುವಿನೊಂದಿಗೆ ಹಿಂದೆ ಕೂತಳು. ಎ.ಸಿ. ಹಾಕಿದರೆ ಪಾಚಿಯ ವಾಸನೆ, ಜೊತೆಗೆ ಸುಟ್ಟ ಕೂದಲಿನದು. ಬಾವಿಯ ತಿರುವಿನಲ್ಲಿ ಲತೀಶ್ ಆಕ್ಸಿಲರೇಟರಿನಿಂದ ಕಾಲು ತೆಗೆದ... ಕಾರು ನಿಧಾನವಾಗಲಿಲ್ಲ. ಗುಂಯ್ಯ್ಯ್ ಎಂದು ವೇಗ ತಾನೇ ಏರಿತು. ಬ್ರೇಕಿನ ಮೇಲೆ ಎದ್ದು ನಿಂತ. ಕೀ...ಚ್. ಬಾವಿಯ ಜಾಳಿಗೂ ಬಂಪರಿಗೂ ಒಂದು ಗೇಣು ಅಂತರ.

ಮಗು ಅಳಲಿಲ್ಲ. ಲತೀಶನ ಪಕ್ಕದ ಖಾಲಿ ಸೀಟನ್ನೇ ನೋಡುತ್ತಿತ್ತು.

"ನಾಳೆ ಬೆಳಿಗ್ಗೆ ಐರೋಲಿ," ಅಂದಳು ಮಾನಸಿ. "ಇಲ್ಲವಾದರೆ ನಾಮಕರಣಕ್ಕೆ ಈ ಕಾರು ನಿಮ್ಮೊಬ್ಬರನ್ನೇ ಕರ್ಕೊಂಡು ಹೋಗಲಿ."

ತಾರಾನಾಥಣ್ಣ ವೈರು ಸಿಕ್ಕಿಸಿ ಕಂಪ್ಯೂಟರನ್ನು ಓದಿದರು. ಇನ್ನೊಮ್ಮೆ ಓದಿದರು.

"ಕಾರು ನಿನ್ನದು, ಒಳಗಿನ ಚಾಸಿ ನಂಬರು ಬೇರೆಯವನ ಕಾರಿನದು. ತುರ್ಭೆಯವನು ಆ ಕಾರಿನ ಇಡೀ ಫೈಲನ್ನು ಹಾಗೇ ಸುರಿದಿದ್ದಾನೆ. ನಿನ್ನ ಹಳೇ ಫೈಲು ಎಲ್ಲಿ?"

ಲತೀಶ್ ತುರ್ಭೆಗೆ ಫೋನ್ ಮಾಡಿದ. ಅವನು ಅದನ್ನು ತೆಗೆದೇ ಇಟ್ಟಿರಲಿಲ್ಲ.

"ಈ ನಂಬರಿನ ಕಾರು ನನ್ನಲ್ಲಿಗೂ ಬಂದಿತ್ತು," ತಾರಾನಾಥಣ್ಣನ ದನಿ ತಗ್ಗಿತು. "ಇಂಜಿನ್ ಗಟ್ಟಿ ಇಲ್ಲ, ಮಾಡಲ್ಲ ಅಂದೆ. ಹುಡುಗ ಸಿಟ್ಟಾಗಿ ತುರ್ಭೆಗೆ ಹೋದ."

"ಆಮೇಲೆ?" ಮಾನಸಿ ಪಿಸುಗುಟ್ಟಿದಳು.

"ಆಮೇಲೆ... ಹುಡುಗನನ್ನೂ ಕಾರನ್ನೂ ಮೇಲೆತ್ತಿ ಕೋಪರಿಯ ಬಾವಿಗೆ ಜಾಳಿ ಹಾಕಿದರು."

ಅವರು ಎಲ್ಲ ಅಳಿಸಿ ಕಂಪನಿಯ ಫೈಲನ್ನೇ ಹಾಕಿ, ಅದರ ನಕಲಿನ ಪೆನ್‌ಡ್ರೈವನ್ನು ಮಾನಸಿಯ ಕೈಗೆ ಕೊಟ್ಟರು. ಲತೀಶನ ಕೈಗಲ್ಲ. ಇಂಜಿನ್ ಈಗ ಬೆಕ್ಕಿನ ಹಾಗೆ. ಟಪ್ ಇಲ್ಲ, ಎ.ಸಿ.ಯಲ್ಲಿ ವಾಸನೆ ಇಲ್ಲ.

ಆದರೆ ಬಾವಿ ಹತ್ತಿರ ಬಂದರೆ ಟಿಂಗ್, ಟಿಂಗ್, ಟಿಂಗ್... ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕಿಲ್ಲ ಎನ್ನುವ ಗಂಟೆ. ಅಲ್ಲಿ ಯಾರೂ ಕೂತಿರುವುದಿಲ್ಲ. ಈಗ ಲತೀಶ್ ತಿರುವಿಗೆ ಮೊದಲೇ ಕಾರು ನಿಲ್ಲಿಸಿ, ಖಾಲಿ ಸೀಟಿಗೆ ಬೆಲ್ಟ್ ಹಾಕಿಯೇ ಮುಂದೆ ಹೋಗುತ್ತಾನೆ. ನಾನೇ ಕಣ್ಣಾರೆ ನೋಡಿದ್ದೇನೆ. ಮಾನಸಿ ವಾರಕ್ಕೆರಡು ಸಲ ಮೂಗು ಮುಚ್ಚಿಕೊಂಡು ಆ ಬೆಲ್ಟನ್ನು ಸೋಪು ಹಾಕಿ ಉಜ್ಜುತ್ತಾಳೆ.

ಪಾಚಿ ಕಟ್ಟುತ್ತದಂತೆ.