ಯಜಮಾನರ ಉಸಿರಿನ ಮಿಷನ್ನು

ಇಲ್ಲಮ್ಮ, ನಿದ್ದೇಲಿ ಉಸಿರು ಕಟ್ಟೋದು ನನಗಲ್ಲ, ನಮ್ಮೆಜಮಾನರಿಗೆ. ಅದೋ, ಹೊರಗೆ ಬೆಂಚಿನ ಮೇಲೆ ಬಾಯಿ ಬಿಟ್ಕೊಂಡು ತೂಕಡಿಸ್ತಾ ಇದ್ದಾರಲ್ಲ, ಅವರೇ. ಎಬ್ಬಿಸ್ಬೇಡ, ಪಾಪ. ಎದ್ರೂ ಅವರಿಗೇನೂ ಹೇಳಕ್ಕೆ ಬರಲ್ಲ. ಏನಿದ್ರೂ ನನ್ನನ್ನೇ ಕೇಳು.

ಕತೆ ಇಷ್ಟೇ ಮಗಳೇ. ಮೂವತ್ನಾಲ್ಕು ವರ್ಷ ಬಸ್ಸು ಓಡಿಸಿದ ಮನುಷ್ಯ. ಹೋದ ವರ್ಷ ಸಿಗ್ನಲ್ಲಲ್ಲಿ ಬಸ್ಸು ನಿಲ್ಸಿ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಗೊರಕೆ ಹೊಡೆದ್ರಂತೆ. ಹಸಿರು ಬಂತು, ಹೋಯ್ತು, ಮತ್ತೆ ಬಂತು... ನಗು, ನಗು, ಬಸ್ಸಲ್ಲಿದ್ದೋರೂ ನಕ್ಕರಂತೆ. ಡಿಪೋದವರು ನಗಲಿಲ್ಲ. ಈ ಕಾಯಿಲೆ ಹತೋಟಿಗೆ ಬರೋವರೆಗೂ ಬಸ್ಸು ಮುಟ್ಟಬೇಡ ಅಂದ್ರು. ಆಗ ನಿಮ್ಮ ಇನ್ಶೂರೆನ್ಸಿನವರೇ ಈ ಗಾಳಿ ಊದೋ ಮಿಷನ್ನು ಕೊಡಿಸಿದ್ರು. ದಿನಾ ಮಾಸ್ಕು ಹಾಕ್ಕೊಂಡೇ ಮಲಗ್ತಾರೆ, ಬೆಳಗ್ಗೆ ಎದ್ರೆ ಅದೇ ಹಳೇ ಪಾಡು. ಇದು ಸಾಲದು, ಬೇರೆ ನಮೂನೆದು ಕೊಡಿಸಿ ಅಂತ ಡಾಕ್ಟರು ಚೀಟಿ ಕೊಟ್ಟಿದ್ದಾರೆ. ತಿಂಗಳ ಕೊನೇಲಿ ಡಿಪೋದವರು ಇನ್ನೊಂದೇ ಸಲ ಪರೀಕ್ಷೆ ಮಾಡ್ತಾರೆ. ಆಗಲೂ ಹೀಗೇ ಇದ್ರೆ ಕೆಲಸ ಹೋಯ್ತು. ಹೊಸ ಮಿಷನ್ನು ಬಂದ್ರೆ ಮತ್ತೆ ಬಸ್ಸು ಹತ್ತಬಹುದು ಅಂತ ಇವರಿಗಾಸೆ.

ಆಗಲ್ಲ ಅಂದ್ರೆ ಆಗಲ್ಲ ಅಂತ ಬರೆದುಕೊಟ್ಬಿಡು, ನನಗೇನೂ ಬೇಜಾರಿಲ್ಲ. ಯಾಕೆ ಹಾಗೆ ನೋಡ್ತೀಯ? ಇಲ್ಲಿಗೆ ಬಂದೋರೆಲ್ಲ ಬೈದು ಹೋಗ್ತಾರಾ? ನಾನು ಬೈಯಲ್ಲಮ್ಮ. ಒಂದು ಕಾಗದ, ಕೆಳಗೊಂದು ಸೀಲು. ಇವರಿಗೆ ತೋರಿಸಕ್ಕೆ ಅಷ್ಟು ಸಾಕು.

ಕಾರ್ಡಾ? ಮಿಷನ್ನಿನ ಹೊಟ್ಟೇಲಿತ್ತಲ್ಲ, ಉಗುರಷ್ಟಿರೋದು? ಅರ್ಜೀಲಿ ಬರೆದಿತ್ತು ಅಂತ ತಂದೆ, ತಗೋ. ಏನದು, ಗ್ಯಾರಂಟಿದಾ?

ಹಾಗಂದ್ರೆ? ದಿನಾ ಎಷ್ಟು ಹೊತ್ತು ಓಡ್ತು ಅಂತ ಅದರಲ್ಲಿರುತ್ತಾ? ನಿಮಿಷ ನಿಮಿಷಾನೂ?

...ಅಬ್ಬ, ಏನೆಲ್ಲ ಕಂಡುಹಿಡೀತಾರಪ್ಪ.

ಹನ್ನೆರಡಕ್ಕೆ ನಿಂತು ಐದೂವರೆಗೆ ಮತ್ತೆ ಶುರುವಾಗಿದೆಯಾ. ದಿನಾನೂ? ನಿದ್ದೇಲಿ ಕಿತ್ಹಾಕ್ತಾರೇನೋ. ಕಿತ್ತಿದ್ರೆ ಗಾಳಿ ಸೋರಿದ್ದು ಕಾಣ್ತಿತ್ತಾ? ಹಾಗಾದ್ರೆ ಕರೆಂಟು ಹೋಗಿರುತ್ತೆ ಬಿಡು. ನಮ್ಮ ಬೀದೀಲಿ ಕರೆಂಟಿನದು ಕೇಳ್ಲೇಬೇಡ.

ಯಾವ ಮೂರು ರಾತ್ರಿ? ಬೆಳಗಿನವರೆಗೂ ಓಡಿದೆಯಾ? ಒಂದು ಸಲಾನೂ ಉಸಿರು ಕಟ್ಟಿಲ್ವಾ? ಅದು ನನಗೇನು ಗೊತ್ತು, ಆಗ ನಾನು ಮನೇಲೇ ಇರ್ಲಿಲ್ಲ, ತಂಗಿ ಮಗಳ ಹೆರಿಗೆಗೆ ಅಂತ...

ಯಾಕಮ್ಮ, ಟೈಪ್ ಮಾಡೋದು ನಿಲ್ಲಿಸ್ದೆ?



ಸರಿ, ನಾನೇ ಹೇಳ್ತೀನಿ ಕೇಳು. ಆ ಮೂರು ರಾತ್ರಿ ಕಳೆದು ನಾನು ಬಂದ್ರೆ, ಬಾಗಿಲು ತೆಗೆದವರೇ "ಎಲ್ಲೇ ಹಾಳಾಗಿ ಹೋಗಿದ್ದೆ" ಅಂದ್ರು. ಅದೇ ಹಳೇ ದನಿ. ತಟ್ಟೆ ಮುಂದಿಡೋದು ಒಂದು ನಿಮಿಷ ತಡವಾದ್ರೆ ಗೋಡೆಗೆ ಎಸೀತಿದ್ದ ಮನುಷ್ಯ ಕಣೇ ಅದು. ಈಗ ನೋಡು. ಕೂರಿ ಅಂದ್ರೆ ಕೂರ್ತಾರೆ, ಏಳಿ ಅಂದ್ರೆ ಏಳ್ತಾರೆ. ನಿನ್ನೆ ನನ್ನ ಕಾಲು ತಿಕ್ತಾ ತಿಕ್ತಾ ಹಾಗೇ ನಿದ್ದೆ ಹೋದ್ರು. ಕಾಲಲ್ಲೇ ಒಂದು ಒದ್ದೆ. "ಆಯ್ತು ಕಣೇ, ಆಯ್ತು" ಅಂತ ಮತ್ತೆ ತಿಕ್ಕಿದ್ರು.

ಹೆದರ್ಬೇಡ, ಮಿಷನ್ನು ಆರಿಸಿದ್ರೂ ಸಾಯಕ್ಕೆ ಬಿಡಲ್ಲ. ಉಸಿರು ನಿಂತಾಗ ಪಕ್ಕದಲ್ಲೇ ಮಲಗಿ ಎಣಿಸ್ತಿರ್ತೀನಿ. ಇಪ್ಪತ್ತಾಯ್ತು ಅಂದ್ರೆ ಮೊಣಕೈಯಲ್ಲಿ ತಿವೀತೀನಿ. ಒಂದೊಂದು ದಿನ ಮೂವತ್ತು.

ಎಲ್ಲಿಗೆ ಎದ್ದೆ? ಅವರನ್ನ ಕರೀತೀಯಾ?

ಕರಿ. ಭುಜ ಹಿಡಿದು ಅಲ್ಲಾಡಿಸು, ಬರೀ ಕೂಗಿದ್ರೆ ಏಳಲ್ಲ. ಆ ಪರದೆ ಮೇಲಿರೋದನ್ನೆಲ್ಲ ತೋರಿಸು, ಒಂದೊಂದು ರಾತ್ರೀನೂ ಬಿಡಿಸಿ ಹೇಳು. ಎಲ್ಲಾ ಕೇಳ್ತಾರೆ. ಕೇಳಿ ನನ್ನ ಕಡೆ ತಿರುಗಿ "ಹೌದೇನೇ?" ಅಂತಾರೆ. ನಾನು ಇಲ್ಲ ಅಂತೀನಿ.

ಇಲ್ವಂತಮ್ಮ ಅಂತ ನಿನಗೆ ಅವರೇ ಹೇಳ್ತಾರೆ.